ನೀರಿಲ್ಲದ ಸೀಮೆಯ ದ್ವೀಪಗಳು

ಜಗತ್ತಿನ ಹವೆ ಕೆಡುತ್ತಿರುವಾಗ ಮೊದಲ ಪೆಟ್ಟು ಯಾವ ಪ್ರಾಣಿಗಳಿಗೆ ಬೀಳುತ್ತದೆ ಎಂಬ ಪ್ರಶ್ನೆ ಬಂದಾಗಲೆಲ್ಲ ಜೀವವಿಜ್ಞಾನಿಗಳು ದ್ವೀಪಗಳ ಕಡೆ ಕೈ ತೋರಿಸುತ್ತಾರೆ. ಅದಕ್ಕೆ ಕಾರಣವಿದೆ. ಭೂಮಿಯ ನೆಲದಲ್ಲಿ ದ್ವೀಪಗಳ ಪಾಲು ಶೇ 5ರ ಆಸುಪಾಸು. ಆದರೆ ಕಳೆದ ಐದು ಶತಮಾನಗಳಲ್ಲಿ ಅಳಿದವೆಂದು ದಾಖಲಾದ ಜೀವಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ದ್ವೀಪಗಳವೇ. ಮಾರಿಷಸ್‌ನ ಡೋಡೊ 17ನೇ ಶತಮಾನದಲ್ಲೇ ಹೋಯಿತು. ನಮ್ಮ ಕಾಲದಲ್ಲಿ, ಆಸ್ಟ್ರೇಲಿಯಾದ ಉತ್ತರಕ್ಕಿರುವ ಬ್ರ್ಯಾಂಬಲ್ ಕೇ ಎಂಬ ಪುಟ್ಟ ಮರಳುದಿಬ್ಬದ ಮೆಲೊಮಿಸ್ ಇಲಿ, ಉಕ್ಕಿ ಬಂದ ಕಡಲು ಆ ದಿಬ್ಬದ ಹಸಿರನ್ನು ಬಹುಪಾಲು ನುಂಗಿದ ಮೇಲೆ ಇಲ್ಲವಾಯಿತು. 2009ರ ನಂತರ ಅದನ್ನು ಯಾರೂ ಕಂಡಿಲ್ಲ. 2019ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಅದು ಅಳಿದಿದೆ ಎಂದು ಅಧಿಕೃತವಾಗಿ ಒಪ್ಪಿತು. ಮನುಷ್ಯ ತಂದ ಹವಾಮಾನ ಬದಲಾವಣೆಗೆ ಬಲಿಯಾದ ಮೊದಲ ಸಸ್ತನಿ ಎಂದು ಅದನ್ನು ಹೆಸರಿಸುತ್ತಾರೆ. ಇಂಥ ಸುದ್ದಿ ಓದುವಾಗ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆಯವರಿಗೆ ಇದು ನಮ್ಮದಲ್ಲದ ಕಥೆ ಎನಿಸುವುದು ಸಹಜ. ಕಡಲು ಅಲ್ಲಿಂದ ನೂರಾರು ಕಿಲೋಮೀಟರ್ ದೂರ, ಕೆರೆಗೆ ನೀರು ಬರುವುದೇ ಅಲ್ಲಿ ಹಬ್ಬ. ಆದರೂ ಕನ್ನಡ ತೆಲುಗು ಬೆರೆತ ಆ ಗಡಿಸೀಮೆಯ ವನ್ಯಜೀವಿಗಳು ಇಂದು ಬದುಕುತ್ತಿರುವುದು ದ್ವೀಪಗಳ ಮೇಲೆಯೇ. ಅವುಗಳ ಉಳಿವು ಅಳಿವನ್ನು ಅಳೆಯಬೇಕಾದರೆ ದ್ವೀಪಗಳಿಗಿಂತ ಹೆಚ್ಚಾಗಿ ದ್ವೀಪಗಳ ನಡುವಿನ ದಾರಿಯನ್ನು ಅಳೆಯಬೇಕು ಎಂಬುದು ಈ ಲೇಖನದ ವಾದ.

ದ್ವೀಪವೆಂದರೆ ನೀರು ಸುತ್ತಿದ ನೆಲ ಎಂಬುದು ಭೂಗೋಳದ ಪಾಠ. ಒಂದು ಜೀವಿಗೆ ಬದುಕಲು ಒಗ್ಗುವ ಜಾಗದ ಸುತ್ತ ಒಗ್ಗದ ಜಾಗವಿದ್ದರೆ ಅದೂ ದ್ವೀಪವೇ ಎಂಬುದು ಜೀವವಿಜ್ಞಾನದ ಮಾತು. ಅಮೆರಿಕದ ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ 1967ರಲ್ಲಿ ಮುಂದಿಟ್ಟ ಸಿದ್ಧಾಂತ ಸರಳವಾದುದು: ದ್ವೀಪ ಚಿಕ್ಕದಾದಷ್ಟೂ ಜೀವಿಗಳು ಬೇಗ ಅಳಿಯುತ್ತವೆ, ದೂರವಾದಷ್ಟೂ ಹೊರಗಿನಿಂದ ಹೊಸಬರು ಬಂದು ಆ ಜಾಗ ತುಂಬುವುದು ಕಷ್ಟವಾಗುತ್ತದೆ. ಈ ಸೂತ್ರವನ್ನು ಗಡಿಸೀಮೆಯ ನಕ್ಷೆಯ ಮೇಲಿಟ್ಟು ನೋಡಿ. ರಾಮನಗರದಿಂದ ಹೊರಟು ಮಧುಗಿರಿ, ಪಾವಗಡ, ಕಲ್ಯಾಣದುರ್ಗ ದಾಟಿ ಹಂಪಿಯವರೆಗೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಸುತ್ತಲ ಮೆತ್ತನೆಯ ಕಲ್ಲು ಸವೆದು ಬಯಲಾಯಿತು, ಗಟ್ಟಿಕಲ್ಲು ಬೆಟ್ಟವಾಗಿ ನಿಂತಿತು. ಪಾಳೆಯಗಾರರು ಒಂದೊಂದರ ಮೇಲೂ ಕೋಟೆ ಕಟ್ಟಿದರು. ಅವುಗಳ ನಡುವಿನ ಬಯಲು ಈಗ ಕಡಲೆಕಾಯಿ ಹೊಲ, ಕೊಳವೆ ಬಾವಿಯ ತೋಟ, ಊರು, ಹೆದ್ದಾರಿ. ಅಂಥ ಬೆಟ್ಟಗಳಲ್ಲೇ ಬದುಕುವ ಹಕ್ಕಿಯೊಂದಿದೆ, ಹಳದಿ ಕೊರಳಿನ ಪಿಕಳಾರ. ಪಕ್ಷಿವಿಜ್ಞಾನಿ ಜರ್ಡನ್ 1845ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಈ ಹಕ್ಕಿ ದಕ್ಷಿಣ ಭಾರತ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ದಕ್ಷಿಣ ಭಾರತದಲ್ಲೂ ಎಲ್ಲ ಕಡೆ ಸಿಗದು. ದೊಡ್ಡ ಬಂಡೆ, ಬಂಡೆಯ ಸಂದಿಯಲ್ಲಿ ಬೇರು ಬಿಟ್ಟ ಅತ್ತಿ ಆಲದ ಜಾತಿಯ ಗಿಡ, ಇಳಿಜಾರಿನ ಕುರುಚಲು, ಈ ಮೂರೂ ಒಟ್ಟಿಗೆ ಇರುವ ಕಡೆ ಮಾತ್ರ ಅದು ನೆಲೆ ನಿಲ್ಲುತ್ತದೆ. ಪೆನ್ನೆ ನದಿ ಹುಟ್ಟುವ ನಂದಿಬೆಟ್ಟದಲ್ಲಿದೆ, ಮದನಪಲ್ಲಿ ಕಡೆಯ ಹಾರ್ಸ್ಲಿ ಬೆಟ್ಟದಲ್ಲಿದೆ, ನಡುವಿನ ಬಯಲಿನಲ್ಲಿ ಇಲ್ಲ. ಅದರ ಹತ್ತಿರದ ಬಂಧು ಕೆಂಪು ಬುಡದ ಪಿಕಳಾರ ಊರ ಬೇಲಿಯಲ್ಲೂ ಗೂಡು ಕಟ್ಟುತ್ತದೆ. ಹಳದಿ ಕೊರಳಿನದಕ್ಕೆ ಊರ ಬೇಲಿ ಒಗ್ಗುವುದಿಲ್ಲ. ಒಂದು ಬೆಟ್ಟಕ್ಕೆ ಕಲ್ಲು ಕ್ವಾರಿ ಬಂದು ಬಂಡೆ ಹೋಯಿತೆಂದರೆ ಆ ಬೆಟ್ಟದ ಹಕ್ಕಿಗಳ ಪಾಲಿಗೆ ದ್ವೀಪವೇ ಮುಳುಗಿದ ಹಾಗೆ.

ಇನ್ನೂ ಕಿರಿದಾದ ದ್ವೀಪ ಕೋಲಾರ ಜಿಲ್ಲೆಯ ಹನುಮನಹಳ್ಳಿಯಲ್ಲಿದೆ. 1994ರಲ್ಲಿ ವಿಜ್ಞಾನಕ್ಕೆ ಹೊಸದೆಂದು ವಿವರಿಸಲಾದ ಎಲೆಮೂಗಿನ ಬಾವಲಿಯೊಂದು ಇಂದು ಜಗತ್ತಿನಲ್ಲಿ ಉಳಿದಿರುವುದು ಅಲ್ಲಿನ ಗುಹೆಯಲ್ಲಿ ಮಾತ್ರ. ಅದರ ಸಂಖ್ಯೆ ನೂರರ ಲೆಕ್ಕದಲ್ಲಿದೆ, ಸಾವಿರದ ಮಾತಿಲ್ಲ. ಅದಕ್ಕೆ ದೊಡ್ಡ ಬೆದರಿಕೆಯಾಗಿದ್ದುದೂ ಗ್ರಾನೈಟ್ ಗಣಿಗಾರಿಕೆಯೇ.

ಒಂದು ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಅಳೆಯಲು ವಿಜ್ಞಾನಿಗಳು ಮೂರು ಪ್ರಶ್ನೆ ಕೇಳುತ್ತಾರೆ. ಬಿಸಿಲು, ಬರ, ನೆರೆಗಳ ಬದಲಾವಣೆ ಅದರ ನೆಲೆಗೆ ಎಷ್ಟರ ಮಟ್ಟಿಗೆ ಬಂದು ತಟ್ಟುತ್ತದೆ? ತಟ್ಟಿದರೆ ಅದರ ದೇಹ, ಆಹಾರ, ಮರಿ ಮಾಡುವ ಕಾಲ ಎಷ್ಟು ಏರುಪೇರಾಗುತ್ತವೆ? ಏರುಪೇರಾದಾಗ ಸುಧಾರಿಸಿಕೊಳ್ಳುವ ಅಥವಾ ಜಾಗ ಬದಲಿಸುವ ಶಕ್ತಿ ಅದಕ್ಕೆ ಎಷ್ಟಿದೆ? ನಮ್ಮಲ್ಲಿ ಬರುವ ವರದಿಗಳು ಹೆಚ್ಚು ಪುಟ ಕೊಡುವುದು ಮೊದಲ ಪ್ರಶ್ನೆಗೆ. ತಾಪಮಾನದ ನಕ್ಷೆ, ಮಳೆಯ ನಕ್ಷೆ ಕಂಪ್ಯೂಟರಿನಿಂದ ಸಲೀಸಾಗಿ ಸಿಗುವುದು ಅದಕ್ಕೊಂದು ಕಾರಣ. ಒಣಸೀಮೆಯ ಮಟ್ಟಿಗೆ ನಿರ್ಣಾಯಕವಾದುದು ಮೂರನೆಯದು. ಇಲ್ಲಿನ ಪ್ರಾಣಿಪಕ್ಷಿಗಳು ಬರವನ್ನು ಗೆದ್ದದ್ದು ದೇಹಬಲದಿಂದ ಮಾತ್ರವಲ್ಲ, ಮುಖ್ಯವಾಗಿ ಓಡಾಟದಿಂದ. ಮಳೆ ಒಂದು ಹೋಬಳಿಗೆ ಬಂದು ಪಕ್ಕದ್ದನ್ನು ಬಿಟ್ಟು ಹೋಗುವ ಸೀಮೆಯಲ್ಲಿ ಇದ್ದಲ್ಲೇ ಇರುವವರು ಉಳಿಯುವುದಿಲ್ಲ. ಈ ಸತ್ಯ ಕುರಿ ಹೊಡೆದುಕೊಂಡು ಊರೂರು ತಿರುಗುವವರಿಗೂ ಗೊತ್ತು, ಆ ಮಂದೆಯ ಹಿಂದೆಯೇ ಸುಳಿಯುವ ತೋಳಕ್ಕೂ ಗೊತ್ತು.

ಬಣ್ಣದ ಕೊಕ್ಕರೆಯನ್ನು ತೆಗೆದುಕೊಳ್ಳಿ. ಹಿಂದೂಪುರದ ಹತ್ತಿರ, ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಚಳಿಗಾಲ ಮುಗಿಯುವ ಹೊತ್ತಿಗೆ ಈ ಹಕ್ಕಿಗಳು ಬರುತ್ತವೆ. ಗೂಡು ಕಟ್ಟುವುದು ಕಾಡಿನಲ್ಲಲ್ಲ, ಊರ ನಡುವಿನ ಹುಣಸೆ ಮರಗಳಲ್ಲಿ. ಒಂದೊಂದು ಮರದಲ್ಲಿ ಹತ್ತಾರು ಗೂಡು, ಒಣ ಕಡ್ಡಿಯ ಒರಟು ತಟ್ಟೆಗಳಂತೆ ಕೊಂಬೆಯ ತುದಿಯಲ್ಲಿ ಕೂತಿರುತ್ತವೆ. ಕೆಳಗೆ ಅಂಗಳದಲ್ಲಿ ಹಿಕ್ಕೆ, ಜಾರಿಬಿದ್ದ ಮೀನಿನ ನಾತ. ಮನೆಯವರು ಅದನ್ನು ಸಹಿಸಿಕೊಂಡು, ಆ ಮರಗಳಿಗೆ ಕೊಡಲಿ ಹಾಕದೆ, ಹಕ್ಕಿಗಳನ್ನು ಹೆರಿಗೆಗೆ ಬಂದ ಮನೆಮಕ್ಕಳಂತೆ ಕಾಯ್ದುಕೊಂಡು ಬಂದಿದ್ದಾರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರೂ ಹೀಗೆಯೇ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಗೂಡು ಆಂಧ್ರದಲ್ಲಿದ್ದರೂ ಗಡಿಯಾಚೆ ಬಾಗೇಪಲ್ಲಿ, ಗೌರಿಬಿದನೂರು ಕಡೆಯ ಕೆರೆಗಳು ಕೊಕ್ಕರೆಯ ಒಂದು ಹಾರಾಟದೊಳಗಿನವು. ಮೊಣಕಾಲುದ್ದದ ನೀರಿನಲ್ಲಿ ಅರೆಬಿಟ್ಟ ಕೊಕ್ಕು ಆಡಿಸುತ್ತ ಮೀನು ಹಿಡಿಯುವ ಹಕ್ಕಿ ಇದು. ತುಂಬಿದ ಕೆರೆಯೂ ಅದಕ್ಕೆ ಬೇಡ, ಬತ್ತಿದ ಕೆರೆಯೂ ಬೇಡ, ನಿಧಾನವಾಗಿ ಇಳಿಯುತ್ತಿರುವ ಕೆರೆ ಬೇಕು. ಒಂದು ಬತ್ತಿದಾಗ ಇನ್ನೊಂದು ಆ ಹದಕ್ಕೆ ಬಂದಿರಬೇಕು. ಮರಿ ಬೆಳೆಯುವ ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಈ ಸರಣಿ ಎಲ್ಲಾದರೂ ಕಡಿದರೆ ಹುಣಸೆ ಮರವನ್ನು ಎಷ್ಟು ಚೆನ್ನಾಗಿ ಕಾದರೂ ಗೂಡಿನ ಮರಿ ಹಸಿದು ಸಾಯುತ್ತದೆ. ಆದ್ದರಿಂದ ವೀರಾಪುರದ ಕೊಕ್ಕರೆಯ ಭವಿಷ್ಯವನ್ನು ವೀರಾಪುರದಲ್ಲಿ ಮಾತ್ರ ಅಳೆಯಲಾಗದು. ಹೂಳು ತುಂಬಿದ ಕೆರೆ, ರಾಜಕಾಲುವೆ ಒತ್ತುವರಿಯಾದ ಕೆರೆ, ಮೀನು ಸಾಕಣೆಗೆಂದು ವರ್ಷಪೂರ್ತಿ ಆಳ ನೀರು ನಿಲ್ಲಿಸಿದ ಕೆರೆ, ಇವೆಲ್ಲ ಆ ಲೆಕ್ಕಕ್ಕೆ ಸೇರಬೇಕು.

ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವುದು ಸರಾಸರಿ 550 ಮಿಲಿಮೀಟರ್ ಮಳೆ. ಸರಾಸರಿ ಎಂಬ ಮಾತು ಇಲ್ಲಿ ಮೋಸ ಮಾಡುತ್ತದೆ. 2018ರಲ್ಲಿ ಭೀಕರ ಬರ, 2021ರ ನವೆಂಬರಿನಲ್ಲಿ ಪೆನ್ನೆ, ಚಿತ್ರಾವತಿಗಳು ದಂಡೆ ಮೀರಿ ಹರಿದ ನೆರೆ. ಬಿಸಿಯೇರಿದ ಜಗತ್ತಿನಲ್ಲಿ ಇಂಥ ಅತಿರೇಕಗಳು ಹೆಚ್ಚುತ್ತವೆ ಎಂಬುದರಲ್ಲಿ ಹವಾಮಾನ ತಜ್ಞರಿಗೆ ಭಿನ್ನಾಭಿಪ್ರಾಯವಿಲ್ಲ. ಇದಕ್ಕೊಂದು ಆಕ್ಷೇಪ ಕೇಳಿಬರುತ್ತದೆ: ಒಣಸೀಮೆಯ ಪ್ರಾಣಿಗಳು ಬರ ಕಂಡೇ ಬೆಳೆದವು, ಬಿಸಿಲಿಗೆ ಗಟ್ಟಿಯಾದವು, ಇನ್ನೆರಡು ಡಿಗ್ರಿ ಏರಿದರೆ ಮಲೆನಾಡಿನ ಕಪ್ಪೆ ಸಾಯಬಹುದು, ಇಲ್ಲಿನ ತೋಳಕ್ಕೇನಾಗುತ್ತದೆ? ಇದರಲ್ಲಿ ಅರ್ಧ ಸತ್ಯವಿದೆ. ಗಟ್ಟಿತನ ನಿಜ. ಆದರೆ ಬೇಸಿಗೆಯಲ್ಲಿ 42, 43 ಡಿಗ್ರಿ ಮುಟ್ಟುವ ಕಡೆ ಬದುಕುವ ಜೀವಿ ತನ್ನ ತಾಳಿಕೆಯ ಅಂಚಿನಲ್ಲೇ ನಿಂತಿರುತ್ತದೆ, ಹಿಂದೆ ಸರಿಯಲು ಅದಕ್ಕೆ ಹೆಚ್ಚು ಜಾಗವಿಲ್ಲ. ಮಲೆನಾಡಿನ ಜೀವಿ ಬಿಸಿ ಏರಿದಾಗ ಬೆಟ್ಟ ಹತ್ತಿ ತಂಪು ಹುಡುಕಬಹುದು. ಕುಂದುರ್ಪಿ, ರಾಯದುರ್ಗದ ಬೋಳುಗುಡ್ಡಗಳಲ್ಲಿ ಹತ್ತಿದಷ್ಟೂ ಸಿಗುವುದು ಕಾದ ಬಂಡೆ. ಉಳಿದ ದಾರಿ ಒಂದೇ, ಇನ್ನೊಂದು ಗುಡ್ಡಕ್ಕೆ, ಇನ್ನೊಂದು ಹಳ್ಳಕ್ಕೆ ನಡೆದು ಹೋಗುವುದು.

ಇನ್ನೊಂದು ಆಕ್ಷೇಪ ರೈತರದು, ಅದನ್ನು ಹಗುರವಾಗಿ ಕಾಣಬಾರದು. ಕೃಷ್ಣಮೃಗ ಹೆಚ್ಚಾಗಿ ಹೊಲಕ್ಕೆ ನುಗ್ಗುತ್ತಿವೆ, ಕಲ್ಯಾಣದುರ್ಗದ ಸುತ್ತ ಕರಡಿ ಚಿರತೆಗಳು ಊರೊಳಕ್ಕೇ ಬರುತ್ತಿವೆ, ಇವು ಅಳಿಯುತ್ತಿವೆ ಎಂದರೆ ನಂಬುವುದು ಹೇಗೆ ಎಂದು ಅವರು ಕೇಳುತ್ತಾರೆ. ಹಿಂದೂಪುರದಿಂದ ಗಡಿ ದಾಟಿದರೆ ಹತ್ತಿರದಲ್ಲೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. ಅಲ್ಲಿನ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಕರ್ನಾಟಕ ಸರ್ಕಾರ ಘೋಷಿಸಿತು. ರಾಣೆಬೆನ್ನೂರು ಬಿಟ್ಟರೆ ರಾಜ್ಯದಲ್ಲಿ ಕೃಷ್ಣಮೃಗಗಳ ದೊಡ್ಡ ಹಿಂಡು ಇರುವುದು ಇಲ್ಲಿಯೇ. ಅದೇ ಚಿಕ್ಕ ಜಾಗದೊಳಗೆ ನೀಲಗಿರಿ ನೆಡುತೋಪಿನ ತುಂಡುಗಳೂ ಇವೆ, ನೀಲಗಿರಿಯ ಕೆಳಗೆ ಹುಲ್ಲು ಬೆಳೆಯುವುದು ಕಷ್ಟ. ಹುಲ್ಲು ಮುಗಿದಾಗ ಹಿಂಡು ಬೇಲಿ ದಾಟಿ ಕಡಲೆಕಾಯಿ ಮೇಯದೆ ಇನ್ನೇನು ಮಾಡೀತು? ಸಂಖ್ಯೆ ಹೆಚ್ಚಿದ್ದೇ ಕ್ಷೇಮದ ಗುರುತು ಎನ್ನುವವರು ಅಲಾಸ್ಕದ ಸೇಂಟ್ ಮ್ಯಾಥ್ಯೂ ದ್ವೀಪದ ಕಥೆ ತಿಳಿಯಬೇಕು. 1944ರಲ್ಲಿ ಅಲ್ಲಿಗೆ 29 ಹಿಮಸಾರಂಗಗಳನ್ನು ತಂದು ಬಿಟ್ಟರು. ಬೇಟೆಯಾಡುವ ಪ್ರಾಣಿಯಿಲ್ಲದ ಜಾಗದಲ್ಲಿ 1963ರ ಹೊತ್ತಿಗೆ ಅವು 6,000 ಆದವು. ಮೇವು ಬರಿದಾಗಿದ್ದ ಹೊತ್ತಿನಲ್ಲಿ ಒಂದು ಕಡು ಚಳಿಗಾಲ ಬಂತು. 1966ರಲ್ಲಿ ಎಣಿಸಿದಾಗ ಉಳಿದದ್ದು 42. ಮುಂದೆ ಅವೂ ಇಲ್ಲವಾದವು. ಮೈದನಹಳ್ಳಿಗೆ ಅಂಥ ಚಳಿ ಬರುವುದಿಲ್ಲ, ಆದರೆ ಒಂದರ ಹಿಂದೊಂದು ಎರಡು ಬರ ಅಥವಾ ದನಕರುಗಳಿಂದ ಹಬ್ಬುವ ಒಂದು ರೋಗ ಬರಲಾರದೆಂದು ಯಾರೂ ಹೇಳಲಾರರು. ದ್ವೀಪದಲ್ಲಿ ಕಿಕ್ಕಿರಿದು ನಿಂತ ಹಿಂಡು ಹೊರಗಿನಿಂದ ನೋಡುವವರಿಗೆ ಸಮೃದ್ಧಿಯಾಗಿ ಕಾಣುತ್ತದೆ, ಹೊರಹೋಗಲು ದಾರಿಯಿಲ್ಲ ಎಂಬುದು ಕಾಣುವುದಿಲ್ಲ. ಕರಡಿಯ ವಿಷಯವೂ ಅಷ್ಟೇ. ಗೆದ್ದಲು, ಎಲಚಿ, ಸೀತಾಫಲ ತಿಂದು ಗುಡ್ಡದಿಂದ ಗುಡ್ಡಕ್ಕೆ ರಾತ್ರಿ ನಡೆಯುವ ಪ್ರಾಣಿಯ ದಾರಿಯಲ್ಲಿ ಈಗ ಊರು ನಿಂತಿದೆ. ಅದು ಊರಿಗೆ ಬಂತು ಎಂದು ನಾವು ಹೇಳುವಾಗ ಎಷ್ಟೋ ಸಲ ಅದು ನೀರಿಗಾಗಿ ಊರು ದಾಟುತ್ತಿರುತ್ತದೆ. ಇದರಲ್ಲಿ ಪೆಟ್ಟು ತಿನ್ನುವ ರೈತನ ನಷ್ಟ ನಿಜವಾದದ್ದು, ಪರಿಹಾರ ಅವನಿಗೆ ಆ ಹಂಗಾಮಿನಲ್ಲೇ ಸಿಗಬೇಕು.

ಮೀಸಲು ಮಾಡಿದ ದ್ವೀಪವನ್ನು ಕಾದರೂ ಸುತ್ತಲ ಬಯಲು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಇದೇ ರಾಯಲಸೀಮೆಯ ರೋಳ್ಳಪಾಡು ಸಾಕ್ಷಿ. ತೆಲುಗರು ಬಟ್ಟಮೇಕ ಎನ್ನುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಾಗಿ ಕರ್ನೂಲು ಸೀಮೆಯಲ್ಲಿ 1988ರಲ್ಲಿ ಸುಮಾರು ಆರು ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಒಳಗಿನ ಹುಲ್ಲು ಉಳಿಯಿತು. ಆದರೆ ಆ ಹಕ್ಕಿ ಬೇಲಿಯ ಹೊರಗಿನ ಬೀಳುಭೂಮಿ, ಮಳೆಯಾಶ್ರಿತ ಜೋಳ ನವಣೆಯ ಹೊಲಗಳನ್ನೂ ನಂಬಿತ್ತು. ನೀರಾವರಿ ಬಂದು ಬೆಳೆ ಬದಲಾಯಿತು, ತಂತಿಬೇಲಿ ಬಂತು, ವಿದ್ಯುತ್ ತಂತಿ ಬಂತು. ಒಂದು ಕಾಲಕ್ಕೆ ದೇಶದ ಪಕ್ಷಿಪ್ರಿಯರೆಲ್ಲ ನೋಡಲು ಹೋಗುತ್ತಿದ್ದ ಹಕ್ಕಿ ಅಲ್ಲಿ ಕಾಣುವುದೇ ಅಪರೂಪವಾಯಿತು.

ಗಡಿಸೀಮೆಯ ಬಯಲು ಈಗ ಅದಕ್ಕಿಂತ ವೇಗವಾಗಿ ಬದಲಾಗುತ್ತಿದೆ, ಬದಲಾಯಿಸುತ್ತಿರುವುದು ಹವಾಮಾನಕ್ಕೆ ಮದ್ದೆಂದು ನಾವೇ ತಂದ ಯೋಜನೆಗಳು. ಪಾವಗಡದ ಸೌರ ಪಾರ್ಕು 13,000 ಎಕರೆ, 2,050 ಮೆಗಾವಾಟ್. ಮೈದನಹಳ್ಳಿಯ ಮೀಸಲನ್ನು ಅದರೊಳಗೆ ಹದಿನಾರು ಸಲ ಇಡಬಹುದು. ಕಲ್ಯಾಣದುರ್ಗ, ರಾಯದುರ್ಗ, ಉರವಕೊಂಡದ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ನಿಂತಿವೆ. ಕಲ್ಲಿದ್ದಲು ಉರಿಸುವುದು ನಿಲ್ಲಬೇಕು, ಸೂರ್ಯ ಗಾಳಿಗಳಿಂದ ವಿದ್ಯುತ್ ಬರಬೇಕು, ಇದರಲ್ಲಿ ಎರಡು ಮಾತಿಲ್ಲ. ಯಂತ್ರವನ್ನು ಎಲ್ಲಿ ನೆಡುತ್ತೇವೆ ಎಂಬುದೇ ಪ್ರಶ್ನೆ. ಪೆನುಕೊಂಡದ ಆಚೆ, ಚೆನ್ನೇಕೊತ್ತಪಲ್ಲಿ ಮಂಡಲದಲ್ಲಿ ಕಲ್ಪವಲ್ಲಿ ಎಂಬ ಗುಡ್ಡಗಾಡಿದೆ. ಟಿಂಬಕ್ಟು ಕಲೆಕ್ಟಿವ್ ಸಂಸ್ಥೆಯ ಜೊತೆಗೂಡಿ ಸುತ್ತಲ ಹಳ್ಳಿಗಳವರು 1990ರ ದಶಕದಿಂದ ಬೆಂಕಿ ಬೀಳದಂತೆ, ಮರ ಕಡಿಯದಂತೆ ಕಾದು ಸಾವಿರಾರು ಎಕರೆ ಬೋಳು ನೆಲವನ್ನು ಹುಲ್ಲುಗಾವಲು, ಕುರುಚಲು, ಹಳ್ಳದ ಬದಿಯ ಈಚಲುವನವಾಗಿ ಮರಳಿಸಿದರು. ತೋಳ, ಕರಡಿ, ಕೃಷ್ಣಮೃಗ ಹಿಂದಿರುಗಿದವು. ಆದರೆ ಸರ್ಕಾರದ ದಾಖಲೆಯಲ್ಲಿ ಅದು ಕಂದಾಯ ಇಲಾಖೆಯ ಬಂಜರು. 2010ರ ಸುಮಾರಿಗೆ ಅಲ್ಲಿನ ನಲ್ಲಕೊಂಡ ಎಂಬ ಗುಡ್ಡದ ಮೇಲೆ 50 ಮೆಗಾವಾಟ್‌ನ ಪವನ ವಿದ್ಯುತ್ ಯೋಜನೆ ಬಂತು. ಯಂತ್ರದ ಬುಡ ಆಕ್ರಮಿಸಿದ ಜಾಗ ಕಡಿಮೆಯೇ. ಭಾರಿ ರೆಕ್ಕೆ ಸಾಗಿಸಲು ಗುಡ್ಡದ ನೆತ್ತಿಗಳನ್ನು ಕಡಿದು ಮಾಡಿದ ಅಗಲ ರಸ್ತೆಗಳು, ಅಲ್ಲಿಂದ ಜಾರಿ ಹಳ್ಳ ತುಂಬಿದ ಮಣ್ಣು ಮಾಡಿದ ಹಾನಿಯೇ ಹೆಚ್ಚು. ಗಾಳಿ ಮತ್ತು ಸೌರಫಲಕಗಳ ವಿದ್ಯುತ್ ಯೋಜನೆಗಳಿಗೆ 2006ರ ಅಧಿಸೂಚನೆಯಡಿ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಲ್ಲ. ಅಂದರೆ ಯಾರೂ ಕಾನೂನು ಮುರಿಯದೆಯೇ ಒಂದು ದ್ವೀಪವನ್ನು ಸೀಳಿ ನಾಲ್ಕು ಮಾಡಬಹುದು.

ಸೀಳಿದರೆ ಏನಾಗುತ್ತದೆ ಎಂದು ತೋರಿಸಿದ ಅಧ್ಯಯನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದೇ ಇದೆ. ಮಹಾರಾಷ್ಟ್ರದ ಸಾತಾರ ಜಿಲ್ಲೆಯ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ಮರಿಯಾ ಥಾಕರ್ ಮತ್ತು ಸಂಗಡಿಗರು ಮಾಡಿ 2018ರಲ್ಲಿ ಪ್ರಕಟಿಸಿದ್ದು. ಗಾಳಿಯಂತ್ರವಿರುವ ಕಡೆ ಬೇಟೆಹಕ್ಕಿಗಳು ಯಂತ್ರವಿಲ್ಲದ ಕಡೆಯ ಕಾಲುಭಾಗದಷ್ಟೇ ಇದ್ದವು. ಹದ್ದು ಗಿಡುಗಗಳ ಭಯ ತಪ್ಪಿದ ಬೀಸಣಿಗೆ ಕೊರಳಿನ ಹಲ್ಲಿಗಳು ವಿಪರೀತ ಹೆಚ್ಚಿದ್ದವು, ಹೆಚ್ಚಿದ ಹಲ್ಲಿಗಳ ಮೈ ಬಡಕಲಾಗಿತ್ತು. ಒಂದು ಗುಡ್ಡದ ಮೇಲಿನ ಬದಲಾವಣೆ ಇಡೀ ಜೀವಜಾಲದ ಕೆಳಗಿನವರೆಗೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಬಡ ಸೀಮೆಗೆ ಬಂದ ಬಂಡವಾಳವನ್ನು ಹಕ್ಕಿಪಕ್ಕಿಗಾಗಿ ತಡೆಯುವುದು ಸರಿಯೇ ಎಂದು ಕೇಳಬಹುದು. ಪಾವಗಡದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣ ನಿಗದಿಯಾದಾಗ, ಬರದಲ್ಲಿ ಕಡಲೆಕಾಯಿ ಬಿತ್ತಿ ಬೀಜವನ್ನೂ ಕಳೆದುಕೊಂಡಿದ್ದ ರೈತರಿಗೆ ಅದು ದೊಡ್ಡ ಆಸರೆಯಾಯಿತು. ಆ ಆಸರೆಯನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ. ನಿಜ ಹೇಳಬೇಕೆಂದರೆ ವನ್ಯಜೀವಿಗಳ ಪರವಾದ ವಾದವೂ ಇಲ್ಲಿಗೇ ಬಂದು ನಿಲ್ಲುತ್ತದೆ: ಸೌರಫಲಕ ಹಾಕುವುದಾದರೆ ಉತ್ತು ಸೋತ ಪಟ್ಟಾ ಹೊಲದಲ್ಲಿ ಹಾಕಿ, ಹಣ ರೈತನಿಗೆ ಹೋಗಲಿ. ಗೋಮಾಳ, ಬೀಳು, ಗುಡ್ಡದ ತಪ್ಪಲುಗಳನ್ನು ಬಂಜರೆಂದು ಕಡಿಮೆ ಬೆಲೆಗೆ ಕೊಟ್ಟಾಗ ಗುತ್ತಿಗೆ ಹಣ ಯಾವ ರೈತನ ಮನೆಗೂ ಬರುವುದಿಲ್ಲ. ಕುರಿಗಾಹಿಯ ಮೇವು ಹೋಗುತ್ತದೆ, ಭೂಮಿಯಿಲ್ಲದವರ ಸೌದೆ ಹೋಗುತ್ತದೆ, ಜೊತೆಗೆ ತೋಳದ ದಾರಿಯೂ ಹೋಗುತ್ತದೆ. ಪರಿಸರ ವಿಜ್ಞಾನಿಗಳಾದ ಮಧುಸೂದನ್ ಮತ್ತು ಅಬಿ ವನಕ್ ಮಾಡಿದ ನಕ್ಷೆಯ ಪ್ರಕಾರ ಇಂಥ ಒಣಸೀಮೆಯ ತೆರೆದ ನೈಸರ್ಗಿಕ ನೆಲ ದೇಶದ ಸುಮಾರು ಹತ್ತನೇ ಒಂದು ಭಾಗದಷ್ಟಿದೆ, ಅದರಲ್ಲಿ ರಕ್ಷಣೆಯಿರುವುದು ಶೇ 5ಕ್ಕೂ ಕಡಿಮೆ. ಎಲ್ಲ ದಾರಿಯೂ ಎಲ್ಲ ಜೀವಿಗೂ ಒಂದೇ ಅಲ್ಲ ಎಂಬುದೂ ನಿಜ. ಕೃಷ್ಣೆಯ ನೀರು ತರುವ ಹಂದ್ರಿ–ನೀವಾ ಕಾಲುವೆ ಕೊಕ್ಕರೆಗೆ ಒಳ್ಳೆಯದನ್ನೇ ಮಾಡೀತು, ಬೇಸಿಗೆಯಲ್ಲಿ ಬತ್ತುವ ಕೆರೆಗೆ ನೀರು ಬರುತ್ತದೆ. ಅದೇ ಅಗಲ ಕಾಲುವೆ ನಡೆದು ಹೋಗುವ ಪ್ರಾಣಿಗೆ ದಾಟಲಾಗದ ಹೊಳೆ. ಹಾಗಾಗಿ ಲೆಕ್ಕವನ್ನು ಒಂದೊಂದು ಜೀವಿಗೂ ಬೇರೆಬೇರೆಯಾಗಿ ಮಾಡಬೇಕಾಗುತ್ತದೆ: ಪಿಕಳಾರಕ್ಕೆ ಕ್ವಾರಿಯಿಲ್ಲದ ಬೆಟ್ಟಗಳ ನಡುವಿನ ದೂರ, ಕೊಕ್ಕರೆಗೆ ಮೇ ತಿಂಗಳಲ್ಲಿ ನೀರು ಉಳಿಯುವ ಕೆರೆಗಳ ಎಣಿಕೆ, ತೋಳ ಕರಡಿಗಳಿಗೆ ರಸ್ತೆ ಕಾಲುವೆಗಳನ್ನು ದಾಟಬಹುದಾದ ಸೇತುವೆ ಮೋರಿಗಳು.

ಈ ಕೆಲಸಕ್ಕೆ ದೊಡ್ಡ ಅಡ್ಡಿ ರಾಜ್ಯದ ಗಡಿ. ಪಾವಗಡವನ್ನು ಬಹುಪಾಲು ಆಂಧ್ರವೇ ಸುತ್ತುವರಿದಿದೆ, ಮಡಕಶಿರಾ ಕರ್ನಾಟಕದೊಳಕ್ಕೆ ಚಾಚಿಕೊಂಡಿದೆ. 2022ರ ಏಪ್ರಿಲಿನಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಒಂದೇ ತೋಳದ ಗುಂಪು ಒಂದು ರಾತ್ರಿಯಲ್ಲಿ ಎರಡು ರಾಜ್ಯ, ಮೂರು ಜಿಲ್ಲೆ ಸುತ್ತಬಹುದು. ಅದನ್ನು ಎಣಿಸುವವರು, ಅದು ತಿಂದ ಕುರಿಗೆ ಪರಿಹಾರ ಕೊಡುವವರು, ಅದರ ದಾರಿಯ ಗುಡ್ಡವನ್ನು ಗುತ್ತಿಗೆಗೆ ಕೊಡುವವರು ಬೇರೆಬೇರೆ ಕಚೇರಿಗಳಲ್ಲಿ ಕೂತಿರುತ್ತಾರೆ. ತುಮಕೂರು, ಚಿಕ್ಕಬಳ್ಳಾಪುರ, ಶ್ರೀ ಸತ್ಯಸಾಯಿ, ಅನಂತಪುರ ಜಿಲ್ಲೆಗಳ ಅರಣ್ಯಾಧಿಕಾರಿಗಳು ಒಂದೇ ನಕ್ಷೆ ಮುಂದಿಟ್ಟುಕೊಂಡು ಒಟ್ಟಾಗಿ ಸಮೀಕ್ಷೆ ಮಾಡಬೇಕು. ಗಾಳಿ, ಸೌರ, ಗ್ರಾನೈಟ್ ಯೋಜನೆಗಳಿಗೆ ಜಾಗ ಗುರುತಿಸುವ ಮುಂಚೆ ಆ ನಕ್ಷೆ ನೋಡುವುದು ಕಡ್ಡಾಯವಾಗಬೇಕು. ಅದಕ್ಕೆ ಹೊಸ ಕಾನೂನು ಬರುವವರೆಗೂ ಕಾಯಬೇಕಿಲ್ಲ. ಊರ ಗೋಮಾಳವನ್ನೋ ಗುಡ್ಡವನ್ನೋ ಬಂಜರೆಂದು ಬರೆದು ಗುತ್ತಿಗೆಗೆ ಕೊಡುವ ಪ್ರಸ್ತಾಪ ಬಂದಾಗ ಗಡಿಯ ಎರಡೂ ಕಡೆಯ ಓದುಗರೇ, ಗ್ರಾಮಸಭೆಯಲ್ಲಿ ಎದ್ದು ನಿಂತು, ಈ ನೆಲದ ಮೇಲೆ ಯಾರು ಯಾರು ಓಡಾಡುತ್ತಾರೆ ಎಂಬ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಉತ್ತರ ಲಿಖಿತವಾಗಿ ಬರುವವರೆಗೆ ಒಪ್ಪಿಗೆ ಕೊಡಬೇಡಿ.